ಮಾಬೂಬಿಯ ಹೆಸರಿನ ಮಂಜುಗಡ್ಡೆ

ನಮ್ಮ ಊರಿಗೆ ಬಂದ ನೆಂಟರನ್ನು ಯಾವಾಗ ಹೊರಡುತ್ತೀರಿ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಅವರಿಗಾದರೂ ಏನು ಗೊತ್ತಿರುತ್ತದೆ? ನೆಂಟರು ಹೊಸ್ತಿಲು ದಾಟಿದ ದಿನವೇ ಮನೆಯವರು ಪೇಟೆಯ ಹಿಂದಿನ ಮೆಟ್ಟಿಲುಬಾವಿಗೆ ಹೋಗಬೇಕು. ಬಾವಿ ಕಾಯುವ ನಿಂಗಪ್ಪ ತಳದಿಂದ ಒಂದು ಮಂಜುಗಡ್ಡೆಯನ್ನು ಗರಗಸದಲ್ಲಿ ಕೊಯ್ದುಕೊಡುತ್ತಾನೆ. ಅದನ್ನು ತಂದು ನೆಂಟರ ಹೆಸರು ಹೇಳಿ ಪೆಟ್ಟಿಗೆಯಲ್ಲಿಡಬೇಕು. ಆ ಗಡ್ಡೆ ಕರಗಿ ನೀರಾಗುವ ತನಕ ಅವರಿಗೆ ಊರು ಬಿಡಲು ಆಗುವುದಿಲ್ಲ. ಬಿಡಬಾರದೆಂದು ಯಾರ ಕಟ್ಟಪ್ಪಣೆಯೂ ಇಲ್ಲ, ರಸ್ತೆಯೇ ಬಿಡುವುದಿಲ್ಲ. ಬೆಳಿಗ್ಗೆ ಚೀಲ ಹಿಡಿದು ಓಣಿಯ ಮೂಡಣ ತುದಿಯಿಂದ ಹೊರಟವರು ನಡೆದಷ್ಟೂ ನಡೆದು, ಸಂಜೆ ಪಡುವಣ ತುದಿಯಿಂದ ಅದೇ ಓಣಿಗೆ ಬಂದು, ಬಿಟ್ಟುಹೋದ ಮನೆಯ ಮುಂದೆಯೇ ನಿಲ್ಲುತ್ತಾರೆ. ಅದಕ್ಕೇ ನೆಂಟರು ಮುನಿಸಿಕೊಂಡು ಹೊರಟ ದಿನ ಮನೆಯ ಹೆಂಗಸರು ಪಡುವಣ ತುದಿಯ ಕಡೆ ಒಂದು ಕಣ್ಣಿಟ್ಟುಕೊಂಡೇ ಚಹಾಕ್ಕೆ ನೀರಿಡುತ್ತಾರೆ.

ಜನ ಇದಕ್ಕೆ ಹೊಂದಿಕೊಂಡುಬಿಟ್ಟಿದ್ದಾರೆ. ಬೇಡದ ನೆಂಟರು ಬಂದರೆ ನಿಂಗಪ್ಪನಿಗೆ ಕಣ್ಣು ಮಿಟುಕಿಸಿ ನಿಂಬೆಹಣ್ಣಿನಷ್ಟು ಚೂರು ತಂದು, ಹಿತ್ತಾಳೆ ತಟ್ಟೆಯಲ್ಲಿ ಹಾಕಿ, ಒಲೆಯ ಪಕ್ಕ ಇಟ್ಟು, ಅಯ್ಯೋ ಇಷ್ಟು ಬೇಗ ಕರಗಿತಲ್ಲ ಎಂದು ಕೆನ್ನೆಗೆ ಕೈಹಚ್ಚಿ ಕೂಡುತ್ತಾರೆ. ಬೇಕಾದವರು ಬಂದರೆ ಇಬ್ಬರು ಹೊರುವಷ್ಟು ದೊಡ್ಡ ಗಡ್ಡೆ. ನೆಂಟರೂ ಕಡಿಮೆಯವರಲ್ಲ. ಒಳಗೆ ಕಾಲಿಡುತ್ತಲೇ ಪೆಟ್ಟಿಗೆಯ ಗಾತ್ರ ನೋಡಿ, ತಮಗೆ ಹೋಳಿಗೆಯೋ ಬರೀ ಉಪ್ಪಿಟ್ಟೋ ಎಂದು ತಿಳಿದುಕೊಳ್ಳುತ್ತಾರೆ. ಫ್ರಿಜ್ಜಿನ ಐಸು ನಡೆಯುವುದಿಲ್ಲ, ರಸ್ತೆ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂದು ಗಡ್ಡೆಯ ಮೇಲೆ ಇನ್ನೊಂದು ತಂದಿಡುವುದೂ ನಡೆಯುವುದಿಲ್ಲ. ಹತ್ತಿ ಅಂಗಡಿಯ ಸಾಹುಕಾರರು ತಮ್ಮ ಮಗಳಿಗಾಗಿ ಹಾಗೆ ಮಾಡಿ ನೋಡಿದರು. ಮೊದಲಿನ ಗಡ್ಡೆ ಕರಗಿದ ದಿನವೇ ಮಗಳು ಮೂಡಣಕ್ಕೆ ಹೋದವಳು ಹೋದಳು.

ಇದ್ದ ಗಡ್ಡೆಯನ್ನೇ ಬಾಳಿಸಬೇಕು, ಬೇರೆ ದಾರಿ ಇಲ್ಲ. ದಿನಾ ಬೆಳಿಗ್ಗೆ ನೆಂಟರು "ಗಟ್ಟಿ ಐತೇನು?" ಎಂದು ಕೇಳುತ್ತಾರೆ. ಮನೆಯವರು ಮುಚ್ಚಳದ ಮೇಲೆ ಅಂಗೈ ಇಟ್ಟು, ತಣ್ಣಗಿದ್ದರೆ "ಗಟ್ಟಿ ಐತಿ" ಅನ್ನಬೇಕು. ಬೆಚ್ಚಗಾಗಿದ್ದರೆ "ನೀರಾತು" ಅನ್ನಬೇಕು. ಮುಚ್ಚಳ ತೆಗೆದು ನೋಡುವಂತಿಲ್ಲ, ತೆಗೆದಷ್ಟೂ ಸಲ ಹೊರಗಿನ ಬಿಸಿ ಒಳಗೆ ಹೋಗಿ ಗಡ್ಡೆಯನ್ನು ತಿನ್ನುತ್ತದೆ. ನೀರಾತು ಅಂದ ಮೇಲೆ ನೆಂಟರು ಅವತ್ತೇ ಹೊರಡಬೇಕು. ಆಮೇಲೂ ಉಳಿದವರನ್ನು ನಮ್ಮ ಊರು ಕಂಡಿಲ್ಲ. ಅಂಥ ನಾಚಿಕೆಗೆಟ್ಟ ನೆಂಟರು ಇರಬಹುದೆಂದು ಯಾರಿಗೂ ಅನ್ನಿಸಿಯೂ ಇಲ್ಲ.

ನಾನು ಕಾಳವ್ವ. ಪೆಟ್ಟಿಗೆ ಮಾಡುವುದು ನನ್ನ ಕೆಲಸ. ಅಪ್ಪ ಬಡಿಗ, ಅಪ್ಪನಿಂದ ನನಗೆ ಬಂತು. ಊರಿನ ಯಾವ ಮನೆಗಾದರೂ ಹೋಗಿ, ಹಿತ್ತಲಲ್ಲಿ ನಾನು ಮಾಡಿದ ಪೆಟ್ಟಿಗೆ ಇದ್ದೇ ಇರುತ್ತದೆ. ಎರಡು ಗೋಡೆ, ನಡುವೆ ಭತ್ತದ ಹೊಟ್ಟು, ಒಳಗೆ ತಗಡು. ಪೆಟ್ಟಿಗೆ ಒಯ್ಯುವವರಿಗೆಲ್ಲ ನಾನು ಹೇಳುವುದು ಒಂದೇ ಪಾಠ. ಗಡ್ಡೆ ಇಡುವ ಮುಂಚೆ ಒಳಗೆ ಪುಡಿ ಬರ್ಫ ಸುರಿದು ಪೆಟ್ಟಿಗೆಯನ್ನೇ ಮೊದಲು ತಣಿಸಿ, ಇಲ್ಲದಿದ್ದರೆ ಪೆಟ್ಟಿಗೆಯೇ ಗಡ್ಡೆಯ ತಂಪನ್ನು ಕುಡಿಯುತ್ತದೆ. ಚೂರು ತರಬೇಡಿ, ಇಡಿಯಾದ ಗಡ್ಡೆ ತನ್ನಿ. ಸುತ್ತ ಖಾಲಿ ಜಾಗ ಬಿಡಬೇಡಿ, ಖಾಲಿ ಜಾಗದಲ್ಲಿ ಕೂಡುವ ಗಾಳಿಯೇ ಕಳ್ಳ. ನೆಲಕ್ಕೆ ತಾಗಿಸದೆ ಇಟ್ಟಿಗೆಯ ಮೇಲಿಡಿ, ಮೇಲೆ ಒದ್ದೆ ಗೋಣಿ ಹೊದಿಸಿ, ನೆರಳು ಸರಿದಂತೆ ಪೆಟ್ಟಿಗೆಯನ್ನೂ ಸರಿಸಿ. ಎಲ್ಲರೂ ತಲೆಯಾಡಿಸಿ ಹೋಗಿ, ಮನೆಗೆ ಹೋದೊಡನೆ ಒಂದು ಸಲ ನೋಡಿದರೇನಂತೆ ಎಂದು ಮುಚ್ಚಳ ತೆಗೆಯುತ್ತಾರೆ.

ಕರಗಿದ ನೀರನ್ನು ಏನು ಮಾಡಬೇಕೆಂಬುದರ ಬಗ್ಗೆ ಮಾತ್ರ ಊರಲ್ಲಿ ಎರಡು ಪಂಗಡಗಳಿವೆ. ನೀರು ಬಿಡಬೇಕು, ಗಡ್ಡೆ ಒಣಗಿರಬೇಕು ಎನ್ನುವವರು ಕೆಲವರು. ಆ ನೀರೂ ಬರ್ಫದಷ್ಟೇ ತಣ್ಣಗಿರುತ್ತದೆ, ಅದು ಒಳಗಿದ್ದರೆ ಬಿಸಿಗಾಳಿಗೆ ಜಾಗ ಸಿಗುವುದಿಲ್ಲ, ಇರಲಿ ಬಿಡಿ ಎನ್ನುವವರು ಕೆಲವರು. ಈ ವಿಷಯಕ್ಕೆ ಮದುವೆಯ ಮಾತುಕತೆಗಳೇ ಮುರಿದುಬಿದ್ದಿವೆ. ನನ್ನಪ್ಪ ನೀರು ಇಡುವ ಪಂಗಡದವನು. ಹಾಗಾಗಿ ನಮ್ಮ ಪೆಟ್ಟಿಗೆಗಳಿಗೆ ತೂತು ಇರುವುದಿಲ್ಲ. ತೂತು ಬೇಕಾದವರು ಬೇರೆ ಬಡಿಗನನ್ನು ನೋಡಿಕೊಳ್ಳಲಿ.

ಊರಿಗೆಲ್ಲ ಪೆಟ್ಟಿಗೆ ಮಾಡಿದ ನನ್ನ ಹಿತ್ತಲಲ್ಲಿ ಮಾತ್ರ ಒಂದು ಪೆಟ್ಟಿಗೆಯೂ ಇರಲಿಲ್ಲ. ಮದುವೆಯಾಗಲಿಲ್ಲ. ಅಪ್ಪ ಹೋದ ಮೇಲೆ ನನ್ನನ್ನು ಹುಡುಕಿಕೊಂಡು ಬರುವ ನೆಂಟರೂ ಇರಲಿಲ್ಲ. ಕೆಲಸ ಮುಗಿದ ಮೇಲೆ ಉಳಿ, ಕೊಡತಿಗಳ ಜೊತೆ ಮಾತಾಡುತ್ತಿದ್ದೆ. ಅವು ಎದುರು ಮಾತಾಡುವುದಿಲ್ಲ, ಅದೊಂದು ಸುಖ ಎಂದುಕೊಂಡಿದ್ದೆ.

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಮಾಬೂಬಿ ಬಂದಳು. ಹತ್ತಿ ಹಿಂಜುವ ಉದ್ದನೆಯ ಬಿಲ್ಲು ಹೆಗಲ ಮೇಲೆ, ಹತ್ತಿಯ ಗಂಟು ಬೆನ್ನ ಮೇಲೆ. ಅರವತ್ತು ದಾಟಿರಬೇಕು. ಗಂಡ ತೀರಿಕೊಂಡ ಮೇಲೆ ಅವನ ಬಿಲ್ಲು ತಾನೇ ಹೊತ್ತುಕೊಂಡು, ಊರೂರು ತಿರುಗಿ ಗಾದಿ ಹಿಂಜಿ ಹೊಲಿದು ಬದುಕುವವಳು. ಎಲ್ಲೂ ಹೆಚ್ಚು ದಿನ ನಿಲ್ಲುವವಳಲ್ಲ ಎಂದು ತಾನೇ ಹೇಳಿದಳು. ನಮ್ಮ ಜಗಲಿಯಲ್ಲಿ ನೀರು ಕುಡಿದು, ನನ್ನ ಗಾದಿ ನೋಡಿ, ಇದರ ಮೇಲೆ ಮಲಗುವುದಕ್ಕಿಂತ ಬಂಡೆಯ ಮೇಲೆ ಮಲಗುವುದು ವಾಸಿ ಎಂದು ಬೈದಳು. ಮಳೆಯಲ್ಲಿ ತೋಯಿಸಿದ್ದೀಯಲ್ಲ, ಹತ್ತಿಗೆ ಒಮ್ಮೆ ನೀರು ಬಿತ್ತೆಂದರೆ ಮುಗಿಯಿತು, ಅದು ಬಿಸಿಯನ್ನೂ ತಡೆಯುವುದಿಲ್ಲ, ಚಳಿಯನ್ನೂ ತಡೆಯುವುದಿಲ್ಲ ಎಂದು ಇನ್ನಷ್ಟು ಬೈದಳು. ನನ್ನನ್ನು ಯಾರಾದರೂ ಹಾಗೆ ಬೈದು ಬಹಳ ವರ್ಷವಾಗಿತ್ತು. ಅವಳು ಹೊಸ್ತಿಲು ದಾಟಿ ಗಾದಿ ಎಳೆಯುವಷ್ಟರಲ್ಲಿ ನಾನು ಬಾವಿಯ ಕಡೆ ಹೊರಟಿದ್ದೆ.

ನಿಂಗಪ್ಪನಿಗೆ ನಂಬಿಕೆಯೇ ಬರಲಿಲ್ಲ. ಯಾರ ಹೆಸರಿಗೆ ಎಂದು ಎರಡೆರಡು ಸಲ ಕೇಳಿದ. ಇದ್ದುದರಲ್ಲೇ ದೊಡ್ಡದನ್ನು ಕೊಯ್ಯಿ ಎಂದೆ. ಮನೆಯಲ್ಲಿದ್ದ ಪೆಟ್ಟಿಗೆ ಒಂದೇ, ಅದೂ ಶೇಷಪ್ಪ ಮಾಸ್ತರರಿಗೆಂದು ಅರ್ಧ ಮಾಡಿಟ್ಟದ್ದು. ಎರಡು ಗೋಡೆಯ ನಡುವೆ ತುಂಬಲು ಹೊಟ್ಟು ಇನ್ನೂ ಬಂದಿರಲಿಲ್ಲ. ನನ್ನ ಕಣ್ಣು ಮಾಬೂಬಿಯ ಗಂಟಿನ ಮೇಲೆ ಬಿತ್ತು. ಹೊಟ್ಟಿಗಿಂತ ಹತ್ತಿ ಮೆತ್ತಗೆ, ಹಗುರ, ಗಾಳಿಯಾಡದಂತೆ ಕೂಡುತ್ತದೆ. ಅಪ್ಪನಿಗೂ ಹೊಳೆಯದ್ದು ನನಗೆ ಹೊಳೆಯಿತು ಎಂದು ಹಿಗ್ಗಿದೆ. ಕೊಡುತ್ತೀಯಾ ಎಂದು ಕೇಳಿದೆ. ಪೆಟ್ಟಿಗೆ ಯಾತಕ್ಕೆ, ಗಡ್ಡೆ ಯಾತಕ್ಕೆ ಎಂದು ಅವಳು ಕೇಳಿ ತಿಳಿದುಕೊಂಡಳು. ರಸ್ತೆಯ ಕಡೆ ಒಮ್ಮೆ ನೋಡಿದಳು. ಆಮೇಲೆ ನಕ್ಕು, ಒಯ್ಯಿ, ಚಲೋ ಹತ್ತಿ ಐತಿ, ಎಷ್ಟು ಬೇಕೋ ಅಷ್ಟು ತುಂಬು ಎಂದಳು.

ಹೀಗೆ ಮಾಬೂಬಿ ನನ್ನ ಮನೆಯಲ್ಲಿ ಉಳಿದಳು. ಮೊದಲ ವಾರ ದಿನಾ ಬಿಲ್ಲು ಹೊತ್ತು ಮೂಡಣಕ್ಕೆ ಹೊರಡುವಳು, ದಿನಾ ಸಂಜೆ ಪಡುವಣದಿಂದ ಬರುವಳು. ಬಂದಾಗ ಮುಖ ಗಂಟಿಕ್ಕಿಕೊಂಡಿರುತ್ತಿತ್ತು. ನಾನು ಒಳಗೊಳಗೇ ಕುಣಿಯುತ್ತ ರೊಟ್ಟಿ ಬಡಿಯುತ್ತಿದ್ದೆ. ಆಮೇಲೆ ಊರ ಜನ ಹರಕು ಗಾದಿ ಹೊತ್ತು ತರಲು ಶುರುಮಾಡಿದರು. ನನ್ನ ಕೆಲಸದ ಕೋಣೆಯ ಒಂದು ಮೂಲೆಯಲ್ಲಿ ಅವಳ ಬಿಲ್ಲು ಟೊಂಯ್ ಟೊಂಯ್ ಎಂದರೆ ಇನ್ನೊಂದು ಮೂಲೆಯಲ್ಲಿ ನನ್ನ ಕೊಡತಿ ಠಕ್ ಠಕ್ ಎನ್ನುತ್ತಿತ್ತು. ಅವಳ ಅರಳೆ ಹಾರಿ ಬಂದು ನನ್ನ ಅಂಟಿಗೆ ಹತ್ತುತ್ತಿತ್ತು, ನನ್ನ ಹೊಟ್ಟುಪುಡಿ ಹಾರಿ ಅವಳ ಗಾದಿಗೆ ಸೇರುತ್ತಿತ್ತು. ಅದಕ್ಕಾಗಿ ದಿನಾ ಜಗಳವಾಡುತ್ತಿದ್ದೆವು. ಜಗಳ ಮುಗಿದ ಮೇಲೆ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದೆವು.

ಬೆಳಗಿನ ನಮಾಜಿಗೆಂದು ಅವಳು ನನಗಿಂತ ಮೊದಲೇ ಏಳುತ್ತಿದ್ದಳು. ಹಿತ್ತಲಲ್ಲಿ ತಂಬಿಗೆಯ ನೀರಿನ ಸದ್ದು ಕೇಳಿದರೆ ನನಗೂ ಎಚ್ಚರ. ನಾನು ಕಣ್ಣುಜ್ಜಿಕೊಂಡು ಹೋಗುವಷ್ಟರಲ್ಲಿ ದಿನವಿಡೀ ನೆರಳಿರುವ, ಪೆಟ್ಟಿಗೆ ಸರಿಸಬೇಕಿಲ್ಲದ ಬೇವಿನ ಮರದ ಕೆಳಗೆ ಪೆಟ್ಟಿಗೆಯ ಪಕ್ಕ ನಿಂತು "ಗಟ್ಟಿ ಐತೇನವಾ?" ಎನ್ನುವಳು. ನಾನು ಗೋಣಿಯ ಕೆಳಗೆ ಕೈ ತೂರಿಸಿ ಮುಚ್ಚಳ ಮುಟ್ಟಿ ನೋಡಿ "ಗಟ್ಟಿ ಐತಿ" ಎನ್ನುವೆ. ಎಷ್ಟು ತಣ್ಣಗಿರುತ್ತಿತ್ತು ಅಂದರೆ ಅಂಗೈಗೆ ಪಸೆ ಹತ್ತುತ್ತಿತ್ತು. ಪೆಟ್ಟಿಗೆಯ ಬುಡದಲ್ಲಿ ಅವಳು ಒಂದು ಪುದೀನಾ ಕಡ್ಡಿ ಊರಿದಳು. ಗೋಣಿಯಿಂದ ಇಳಿಯುವ ನೀರಿಗೋ ಏನೋ, ಆ ಬಿರುಬೇಸಿಗೆಯಲ್ಲಿ ಅದು ಹಬ್ಬಿಕೊಂಡಿತು. ಪುದೀನಾ ಚಟ್ನಿ ತಿಂದು ತಿಂದು ನನಗೆ ಬೇಜಾರಾದರೂ ಬಾಯಿಬಿಟ್ಟು ಹೇಳಲಿಲ್ಲ.

ವೈಶಾಖ ಕಳೆಯಿತು. ಅಷ್ಟು ದಿನ ಬಾಳಿದ ಗಡ್ಡೆಯನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ಜನ ಬಂದು ದೂರದಲ್ಲಿ ನಿಂತು ಪೆಟ್ಟಿಗೆಗೆ ಕೈಮುಗಿಯುವುದೊಂದು ಬಾಕಿ. ನಿಂಗಪ್ಪನಂತೂ ತನ್ನ ಬಾವಿಯದೇ ಹೆಚ್ಚುಗಾರಿಕೆ ಎಂದು ಹೇಳಿಕೊಂಡು ತಿರುಗಿದ. ಇಲ್ಲ, ನನ್ನ ಪೆಟ್ಟಿಗೆಯದು ಎಂದು ನಾನು ಸಿಕ್ಕಸಿಕ್ಕವರ ಮುಂದೆ ಕೊಚ್ಚಿಕೊಂಡೆ. ಶೇಷಪ್ಪ ಮಾಸ್ತರರು ತಮಗೂ ಹತ್ತಿ ತುಂಬಿದ ಪೆಟ್ಟಿಗೆಯೇ ಬೇಕೆಂದರು. ಅವರ ಮೊಮ್ಮಗಳು ರಜೆಗೆ ಬರುವವಳಿದ್ದಳು, ಅವಳನ್ನು ಆದಷ್ಟು ದಿನ ಇಟ್ಟುಕೊಳ್ಳುವ ಆಸೆ. ಮಾಡಿಕೊಟ್ಟೆ. ವಾರವೂ ನಿಲ್ಲಲಿಲ್ಲ, ಮೊಮ್ಮಗಳು ಹೊರಟುಹೋದಳು. ಮಾಸ್ತರರು ಅಳುಮುಖ ಮಾಡಿಕೊಂಡು ಬಂದು ದೂರಿದರು. ನೀವು ಮುಚ್ಚಳ ತೆಗೆದಿರಬೇಕು ಎಂದೆ. ಇಲ್ಲವೇ ಇಲ್ಲ ಎಂದು ಅವರು ಆಣೆ ಹಾಕಿದರು. ನಾನು ನಂಬಲಿಲ್ಲ. ಮಾಬೂಬಿ ಮೂಲೆಯಲ್ಲಿ ತಲೆ ತಗ್ಗಿಸಿ ಗಾದಿ ಹೊಲಿಯುತ್ತಿದ್ದಳು.

ಊರಿನ ಗಾದಿಗಳೆಲ್ಲ ಮುಗಿದ ಮೇಲೆ ಮಾಬೂಬಿ ಮತ್ತೆ ಬಿಲ್ಲು ಹೆಗಲಿಗೇರಿಸಿದಳು. ಪ್ರತಿ ಸೋಮವಾರ ಬೆಳಿಗ್ಗೆ ಮೂಡಣಕ್ಕೆ ಹೋಗುವಳು, ಸಂಜೆ ಬಂದು ಬಾಗಿಲಲ್ಲಿ "ಬಂದೆ ನೋಡವ್ವಾ" ಎನ್ನುವಳು. ನಾನು ಹಿಂದಿನ ಕೋಣೆಯಲ್ಲಿ ಕೆಲಸದಲ್ಲಿರುತ್ತಿದ್ದೆ. ರಸ್ತೆ ಮತ್ತೆ ತಿರುಗಿಸಿ ಕಳಿಸಿತಲ್ಲ ಎಂದು ಮೊದಮೊದಲು ಖುಷಿಯಾಗುತ್ತಿತ್ತು. ಬರುವಾಗ ಸೆರಗಿನಲ್ಲಿ ಪುಟಾಣಿ ಕಡಲೆಯನ್ನೋ ಎಳೆಯ ವೀಳ್ಯದೆಲೆಯನ್ನೋ ಕಟ್ಟಿಕೊಂಡು ಬರುತ್ತಿದ್ದಳು. ಪೇಟೆಯ ಕಡೆಯಿಂದ ಬಂದಿರಬೇಕು ಎಂದುಕೊಳ್ಳುತ್ತಿದ್ದೆ.

ಕಾರಹುಣ್ಣಿಮೆಯ ಮುಂಚಿನ ಸೋಮವಾರ ಅವಳು ಕುಂಟುತ್ತ ಬಂದಳು. ಹಿಮ್ಮಡಿಯಲ್ಲಿ ಜಾಲಿಮುಳ್ಳು ಮುರಿದಿತ್ತು, ಅಂಗಾಲು ಬೊಬ್ಬೆ ಎದ್ದಿತ್ತು. ಬಿಸಿನೀರಿನಲ್ಲಿ ಅವಳ ಕಾಲು ಇಡಿಸಿ ಸೂಜಿಯಿಂದ ಮುಳ್ಳು ತೆಗೆದೆ. ಯಾಕೆ ಇಷ್ಟು ನಡೆಯುತ್ತೀ ಎಂದು ಕೇಳಿದೆ. ಅವಳು ನನ್ನ ತಲೆಯ ಮೇಲೆ ಕೈಯಿಟ್ಟು, "ನಡದ ಕಾಲು ಅವ್ವಾ ಇವು. ಕುಂಡ್ರು ಅಂದ್ರ ಕುಂಡ್ರೂದಿಲ್ಲ" ಎಂದಳು.

ಆ ಮಾತು ನನ್ನನ್ನು ಬಿಡಲಿಲ್ಲ. ಜೀವಮಾನವೆಲ್ಲ ತನ್ನಿಷ್ಟಕ್ಕೆ ತಿರುಗಿದವಳು. ವಾರವಾರವೂ ಇವತ್ತಾದರೂ ದಾರಿ ಬಿಟ್ಟೀತು ಎಂದು ಮುಳ್ಳು ತುಳಿದುಕೊಂಡು ಹೋಗುತ್ತಾಳೆ, ನನ್ನ ಪೆಟ್ಟಿಗೆ ಅವಳನ್ನು ಹಿಡಿದೆಳೆದು ತರುತ್ತದೆ. ನಾನು ಅದನ್ನು ನೆಂಟಸ್ತನ ಎಂದು ಕರೆದುಕೊಂಡು ಚಟ್ನಿ ತಿನ್ನುತ್ತಿದ್ದೇನೆ. ನನಗೆ ಅವಳು ಬೇಕು, ನಿಜ. ಅವಳಿಲ್ಲದ ಕೋಣೆಯಲ್ಲಿ ಬರೀ ಕೊಡತಿಯ ಸದ್ದು ಕೇಳಿಕೊಂಡು ಹೇಗಿರಬೇಕೋ ತಿಳಿಯದು. ಆದರೆ ಬೊಬ್ಬೆ ಎದ್ದ ಆ ಕಾಲು ಕಣ್ಣೆದುರು ಬಂದರೆ ಅನ್ನ ಇಳಿಯುತ್ತಿರಲಿಲ್ಲ.

ಮುಂದಿನ ಸೋಮವಾರ ಅವಳು ಹೊರಟ ಮೇಲೆ ನಾನು ಉಳಿ ಕೆಳಗಿಟ್ಟೆ. ಮಧ್ಯಾಹ್ನದ ಬಿಸಿಲು ನೆತ್ತಿಗೆ ಬಂದಾಗ ಹಿತ್ತಲಿಗೆ ಹೋದೆ. ಗೋಣಿ ಎಳೆದು ಬೇಲಿಯ ಮೇಲೆ ಹಾಕಿದೆ. ಪೆಟ್ಟಿಗೆಯನ್ನು ಬಿಸಿಲಿಗೆ ನೂಕಲು ಹೋದೆ, ಅದು ಒಂದೇ ಸಲಕ್ಕೆ ಸರ್ರನೆ ಸರಿಯಿತು. ಇಷ್ಟು ಹಗುರವೇ ಎಂದು ಬೆರಗಾಯಿತು. ಬೇರೆಯವರಿಗೆಲ್ಲ ಬೇಡ ಬೇಡ ಎಂದು ಹೇಳಿಕೊಂಡು ಬಂದವಳು ನಾನೇ ಮುಚ್ಚಳ ತೆಗೆದೆ.

ಒಳಗೆ ಗಡ್ಡೆ ಇರಲಿಲ್ಲ. ನೀರೂ ಇರಲಿಲ್ಲ. ತಗಡು ಒಣಗಿ ಧೂಳು ಕೂತಿತ್ತು. ಒಂದು ಮೂಲೆಯಲ್ಲಿ ಬೆಸುಗೆ ಬಿಟ್ಟು, ಆ ಸಂದಿನಿಂದ ಕೊಳೆತು ಕಪ್ಪಾದ ಹತ್ತಿ ಹೊರಗೆ ಇಣುಕುತ್ತಿತ್ತು. ಇನ್ನೊಂದು ಮೂಲೆಯಲ್ಲಿ ಹಲ್ಲಿಯ ಮೊಟ್ಟೆಯ ಚಿಪ್ಪುಗಳು. ಮರಿಗಳು ಎಂದೋ ಎದ್ದು ಹೋಗಿದ್ದವು.

ಇಟ್ಟಿಗೆಯ ಮೇಲೆ ಕೂತುಬಿಟ್ಟೆ. ಬೆಸುಗೆ ಬಿಟ್ಟ ಮೂಲೆ ಮೊದಲಿದ್ದ ಜಾಗದ ಸರಿಯಾಗಿ ಕೆಳಗೆ ಪುದೀನಾ. ಸೋರಿದ ನೀರು ನನ್ನ ಕಣ್ಣಿಗೆ ಬೀಳದಿರಲೆಂದು ಅವಳು ಅದನ್ನು ಅಲ್ಲಿ ಊರಿದ್ದಳು. ನಾನು ಏಳುವ ಮುಂಚೆ ಕೇಳುತ್ತಿದ್ದ ತಂಬಿಗೆಯ ಸದ್ದು ನಮಾಜಿನದಷ್ಟೇ ಅಲ್ಲ. ಮುಚ್ಚಳಕ್ಕೆ ನೀರು ಸುರಿದು, ಗೋಣಿ ತೋಯಿಸಿ, ನನ್ನ ಅಂಗೈಗೆ ತಂಪು ಇಟ್ಟು ಕಾಯುತ್ತಿದ್ದಳು. ನೆನೆದ ಹತ್ತಿ ಯಾವುದಕ್ಕೂ ಬಾರದು ಎಂದು ಮೊದಲ ದಿನವೇ ನನ್ನನ್ನು ಬೈದವಳು, ಅದೇ ಹತ್ತಿಯನ್ನು ನಗುತ್ತ ಕೊಟ್ಟಿದ್ದಳು. ಅವತ್ತು ಅವಳಿಗೆ ಬೇಗ ಹೋಗಬೇಕಿತ್ತು. ಗಡ್ಡೆ ಬೇಗನೆ ಕರಗಿತು ಕೂಡ, ಬಹುಶಃ ಮಾಸ್ತರರ ಮನೆಯದರಷ್ಟೇ ಬೇಗ. ಆದರೆ ಅಷ್ಟರಲ್ಲಿ ಅವಳಿಗೆ ಹೋಗುವುದು ಬೇಡವಾಗಿತ್ತು. ಮಾಸ್ತರರ ಪೆಟ್ಟಿಗೆಗೆ ನಾಳೆಯೇ ಹೊಟ್ಟು ತುಂಬಿಕೊಡಬೇಕು, ಅವರ ಕಾಲಿಗೂ ಬೀಳಬೇಕು ಎಂದು ಅದರ ನಡುವೆಯೇ ನೆನಪಾಯಿತು.

ಆಮೇಲೆ ಇನ್ನೊಂದು ಹೊಳೆಯಿತು. ಗಡ್ಡೆ ಇಲ್ಲ ಅಂದರೆ ರಸ್ತೆ ತೆರೆದಿದೆ. ಅವಳು ಇವತ್ತು ಹೋಗಿದ್ದಾಳೆ. ತಿರುಗಿಸಿ ಕಳಿಸುವವರು ಯಾರೂ ಇಲ್ಲ.

ಮುಚ್ಚಳ ಹಾಕಿ ಬಂದು ಬಾಗಿಲಲ್ಲಿ ನಿಂತೆ. ಕೆಲಸ ಬಿಟ್ಟು ನಾನು ಬಾಗಿಲಲ್ಲಿ ನಿಂತದ್ದನ್ನು ಕಂಡು ಓಣಿಯವರು ಏನಾಯಿತು ಎಂದು ವಿಚಾರಿಸಿದರು. ಹೊಟ್ಟಿನ ಗಾಡಿ ಬರಬೇಕು ಎಂದು ಸುಳ್ಳು ಹೇಳಿದೆ. ಬಿಸಿಲು ಇಳಿಯಿತು. ಎಲ್ಲರ ಹಾಗೆ ನನ್ನ ಕಣ್ಣೂ ರೂಢಿಯ ಮೇಲೆ ಪಡುವಣ ತುದಿಗೇ ಹೋಗುತ್ತಿತ್ತು. ಅಲ್ಲಿ ಎಮ್ಮೆಗಳು ಬಂದವು, ಶಾಲೆಯ ಮಕ್ಕಳು ಬಂದರು, ಮುನಿಸಿಕೊಂಡು ಹೋಗಿದ್ದ ಯಾರದೋ ಅಳಿಯ ಚೀಲ ನೇತುಹಾಕಿಕೊಂಡು ತಲೆತಗ್ಗಿಸಿ ಬಂದ. ಮಾಬೂಬಿ ಬರಲಿಲ್ಲ. ಅಳಬಾರದು ಎಂದುಕೊಂಡೆ, ಆದರೂ ಕಣ್ಣು ತುಂಬಿತು. ಒರೆಸಿಕೊಳ್ಳಲು ಮುಖ ಆಚೆ ತಿರುಗಿಸಿದೆ.

ಮೂಡಣ ತುದಿಯಲ್ಲಿ ಬಿಲ್ಲು ಕಾಣಿಸಿತು. ಹೋದ ದಾರಿಯಿಂದಲೇ, ತನ್ನ ಕಾಲಿನಿಂದಲೇ, ಸ್ವಲ್ಪ ಕುಂಟುತ್ತ ಬರುತ್ತಿದ್ದಳು. ಹತ್ತಿರದ ಊರಲ್ಲಿ ಯಾರ ಗಾದಿ ಹಿಂಜಿದ್ದಳೋ, ಕೂದಲೆಲ್ಲ ಅರಳೆ. ಸೆರಗಿನಲ್ಲಿ ಏನೋ ಗಂಟು.

ನಾನು ಬಾಗಿಲಲ್ಲಿ ನಿಂತಿರುವುದನ್ನು ಕಂಡು ಅವಳ ಹೆಜ್ಜೆ ಸಣ್ಣದಾಯಿತು. ತಾನು ಬಂದ ದಿಕ್ಕನ್ನು ಒಮ್ಮೆ ತಿರುಗಿ ನೋಡಿದಳು. ಮನೆಯ ಪಕ್ಕದ ಬೇಲಿಯ ಮೇಲೆ ಒಣಗುತ್ತಿದ್ದ ಗೋಣಿಯನ್ನೂ, ಬಿಸಿಲಿಗೆ ಬಂದು ನಿಂತ ಪೆಟ್ಟಿಗೆಯನ್ನೂ ನೋಡಿದಳು. ಹೊಸ್ತಿಲ ಆಚೆಯೇ ನಿಂತಳು. ಬಿಲ್ಲು ಇಳಿಸಲಿಲ್ಲ. ನೀರಾತು ಎಂದು ನಾನು ಅಂದರೆ ಅವಳು ಹಾಗೇ ತಿರುಗಿ ನಡೆಯಬೇಕು. ಅವಳಿಗೂ ಗೊತ್ತು, ನನಗೂ ಗೊತ್ತು. ಬೆಳಗಿನ ಪ್ರಶ್ನೆಯನ್ನು ಸಂಜೆ ಯಾರೂ ಕೇಳುವುದಿಲ್ಲ, ಆದರೂ ಅವಳು ನೆಲ ನೋಡುತ್ತ ಕೇಳಿದಳು.

"ಗಟ್ಟಿ ಐತೇನವಾ?"

ನಾನು ಬೇಲಿಯ ಪಕ್ಕದಿಂದ ಹಿತ್ತಲಿಗೆ ಹೋಗಿ ಅವಳಿಗೆ ಕಾಣುವಂತೆ ನಿಂತು, ಮುಚ್ಚಳದ ಮೇಲೆ ಅಂಗೈ ಇಟ್ಟೆ. ಇಡೀ ಮಧ್ಯಾಹ್ನದ ಬಿಸಿಲು ಕುಡಿದು ಅದು ರೊಟ್ಟಿಯ ಹಂಚಿನ ಹಾಗೆ ಕಾದಿತ್ತು. ಕೈ ತೆಗೆಯಲಿಲ್ಲ.

"ಗಟ್ಟಿ ಐತಿ" ಎಂದೆ. "ಒಳಗ ಬಾ, ರೊಟ್ಟಿ ಆರತಾವ."

ಅವಳು ತಲೆ ಎತ್ತಿದಳು. ಮೂಗು ಒರೆಸಿಕೊಂಡಳು. ಹೊಸ್ತಿಲು ದಾಟಿ, ಬಿಲ್ಲನ್ನು ಅದರ ಗೂಟಕ್ಕೆ ತೂಗುಹಾಕಿ, ಸೆರಗಿನ ಗಂಟು ಬಿಚ್ಚುತ್ತ ಹೇಳಿದಳು:

"ಇರದ ಏನು? ನನ್ನ ಹತ್ತಿ ಅಲ್ಲೇನವಾ ಅದು."